ಕೂಸು ನೋಡಿದವರ ಕೂಲಿ

"ಹಿಂದಿನ ಕಾಲದಲ್ಲಿ ಮಕ್ಕಳನ್ನು ಸಾಕಲು ಖರ್ಚು ಎಲ್ಲಿತ್ತು? ಮನೆ ತುಂಬ ಮಕ್ಕಳಿದ್ದರೂ ತಮ್ಮ ಪಾಡಿಗೆ ತಾವು ಬೆಳೆಯುತ್ತಿದ್ದವು."

ಈ ಮಾತನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಕೊಪ್ಪದ ಪಕ್ಕದ ಬಾಳಗಡಿಯಲ್ಲಿ, ಕಾಫಿ ಕೊಯ್ಲಿನ ದಿನಗಳಲ್ಲಿ, ಹಿರಿಯರೊಬ್ಬರು ಇದೇ ಮಾತನ್ನು ಹೇಳಿದಾಗ ನಾವು ಅಲ್ಲಿಯೇ ಇದ್ದೆವು. ಕಂಕುಳಲ್ಲಿ ಒಂದೂವರೆ ವರ್ಷದ ಕೂಸನ್ನು ಎತ್ತಿಕೊಂಡಿದ್ದ ಯುವತಿ ಸುಮ್ಮನಿರಲಿಲ್ಲ. ತೋಟಕ್ಕೆ ಹೋದರೆ ಸಿಗುವ ಕೂಲಿ ಎಷ್ಟು, ಕೂಸನ್ನು ನೋಡಿಕೊಳ್ಳುವ ಪಕ್ಕದ ಮನೆಯವಳಿಗೆ ಕೊಡಬೇಕಾದದ್ದೆಷ್ಟು, ಹಾಲು ಬಿಸ್ಕತ್ತಿಗೆ ಎಷ್ಟು, ಹೋಗಿ ಬರುವ ಜೀಪಿಗೆ ಎಷ್ಟು ಎಂದು ಬೆರಳು ಮಡಚಿ ಎಣಿಸಿದಳು. "ಕೊನೆಗೆ ಕೈಯಲ್ಲಿ ಉಳಿಯುವುದು ಅರ್ಧ. ಹೋಗದಿದ್ದರೆ ಅದೂ ಇಲ್ಲ. ನೀವೇ ಹೇಳಿ ಚಾಚಾ, ನಾನೇನು ಮಾಡಲಿ?" ಎಂದಳು. ಹಿರಿಯರು ಉತ್ತರ ಕೊಡಲಿಲ್ಲ. ನಮ್ಮಲ್ಲೂ ಉತ್ತರವಿರಲಿಲ್ಲ.

ಮನೆಗೆ ಬಂದ ಮೇಲೆ ಹಿರಿಯರ ಮಾತೇ ತಲೆಯಲ್ಲಿ ಉಳಿಯಿತು. ಹಿಂದೆ ನಿಜವಾಗಿಯೂ ಖರ್ಚಿರಲಿಲ್ಲವೇ? ಅಥವಾ ಆ ಖರ್ಚನ್ನು ಬೇರೆ ಯಾರೋ ಕೊಡುತ್ತಿದ್ದರೇ? ಇತಿಹಾಸದ ಪುಸ್ತಕಗಳು ಅರಸರ ಖಜಾನೆಯ ಲೆಕ್ಕ ಬರೆದಿವೆ, ಕಾಫಿ ಅಡಿಕೆಯ ಧಾರಣೆಯ ಲೆಕ್ಕ ಬರೆದಿವೆ. ತಾಯಿ ದುಡಿಯಲು ಹೋದಾಗ ತೊಟ್ಟಿಲು ತೂಗಿದವರ ಲೆಕ್ಕವನ್ನು ಬರೆದದ್ದು ಕಡಿಮೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಮ್ಮ ಸೀಮೆಯನ್ನು ಮುಂದಿಟ್ಟುಕೊಂಡು ಆ ಲೆಕ್ಕವನ್ನು ಸ್ವಲ್ಪ ತೆಗೆದು ನೋಡೋಣ.

ತವರು ಮತ್ತು ಆಪಾ

ಕುವೆಂಪು ಅವರ ಮನೆತನದ ಊರು ತೀರ್ಥಹಳ್ಳಿ ತಾಲೂಕಿನ ಕುಪ್ಪಳಿ. ಆದರೆ 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ನಮ್ಮ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಇದು ಒಬ್ಬ ಕವಿಯ ಜೀವನದ ವಿವರ ಮಾತ್ರವಲ್ಲ, ಇಡೀ ಮಲೆನಾಡಿನ ಪದ್ಧತಿ. ಹೆರಿಗೆ, ಬಾಣಂತನ ತವರಿನ ಹೊಣೆ. ಮುಸ್ಲಿಂ ಮನೆಗಳಲ್ಲೂ ಅಷ್ಟೇ. ನಲವತ್ತು ದಿನಗಳ ಚಿಲ್ಲಾ ಮುಗಿಯುವವರೆಗೆ ಬಾಣಂತಿಯನ್ನು ನೆಲಕ್ಕೆ ಕಾಲಿಡಲು ಬಿಡದ ನಾನಿಯರು ಇಂದಿಗೂ ಇದ್ದಾರೆ. ಮಗುವನ್ನು ಸಾಕುವ ಭಾರ ಒಬ್ಬಳದಾಗಬಾರದು, ಹಂಚಿಕೊಳ್ಳಬೇಕು ಎಂಬ ವಿವೇಕ ಈ ಪದ್ಧತಿಯಲ್ಲಿತ್ತು.

ಆದರೆ ಬಾಣಂತನ ಮುಗಿದ ಮೇಲೆ? ಗದ್ದೆಯ ನಾಟಿ ಕಾಯುವುದಿಲ್ಲ, ಅಡಿಕೆ ಕಾಯುವುದಿಲ್ಲ. ಉಳ್ಳವರ ಮನೆಗಳಲ್ಲಿ ಮಗುವನ್ನು ಎತ್ತಿಕೊಳ್ಳಲೆಂದೇ ಆಳಿನ ಮನೆಯ ಸಣ್ಣ ಹುಡುಗಿಯೊಬ್ಬಳು ಇರುತ್ತಿದ್ದಳು. ಅವಳ ಸಂಬಳ ಎರಡು ಹೊತ್ತಿನ ಊಟ, ಹಬ್ಬಕ್ಕೊಂದು ಬಟ್ಟೆ. ಇಲ್ಲದವರ ಮನೆಯಲ್ಲಿ ಆ ಕೆಲಸ ಹಿರಿಯ ಮಗಳದು.

ನಮ್ಮ ಮನೆಯಲ್ಲೂ ಅದೇ ಆಯಿತು. ನಾವು ಹುಟ್ಟಿದ ಮೇಲೆ ಅಮ್ಮಿ ಮತ್ತೆ ಅಡಿಕೆ ಸುಲಿಯಲು ಹೋಗತೊಡಗಿದರು. ಸುಲಿತದ ಕೂಲಿ ದಿನದ ಲೆಕ್ಕದ್ದಲ್ಲ, ಸುಲಿದಷ್ಟಕ್ಕೆ. ಮೆಟ್ಟುಗತ್ತಿಯ ಮುಂದೆ ಕುಳಿತವರು ಮಗುವಿಗಾಗಿ ನಾಲ್ಕು ಸಲ ಎದ್ದರೆ ಆ ದಿನದ ಸಂಪಾದನೆ ಅಷ್ಟು ಕಡಿಮೆ. ಜೊತೆಗೆ ಕತ್ತಿಯ ಬಾಯಿ ಇರುವ ಕಡೆ ಅಂಬೆಗಾಲಿಡುವ ಮಗುವನ್ನು ಬಿಡುವುದುಂಟೇ? ಹೀಗಾಗಿ ಉರ್ದು ಶಾಲೆಯಲ್ಲಿ ಐದನೆಯ ತರಗತಿಯಲ್ಲಿದ್ದ ನಮ್ಮ ಆಪಾ ಮನೆಯಲ್ಲಿ ಉಳಿದರು. ಮೊದಲು ಸುಗ್ಗಿ ಮುಗಿಯುವ ತನಕ ಎಂದಾಯಿತು. ಆಮೇಲೆ ಶಾಲೆಯ ಮಾತೇ ಬರಲಿಲ್ಲ. ನಾವು ಅದೇ ಉರ್ದು ಶಾಲೆಗೆ ಹೋದೆವು, ಆಮೇಲೆ ಕನ್ನಡ ಶಾಲೆಗೆ ಹೋದೆವು, ಕಥೆ ಬರೆಯುವವರಾದೆವು. ಆಪಾ ಇಂದಿಗೂ ಕನ್ನಡ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುತ್ತಾರೆ. ನಮ್ಮನ್ನು ಸಾಕಲು ಖರ್ಚಾಗಲಿಲ್ಲ ಎಂದು ಹೇಳುವುದು ಹೇಗೆ? ಖರ್ಚಾಯಿತು. ಅದನ್ನು ಕೊಟ್ಟವರು ಹತ್ತು ವರ್ಷದ ಒಬ್ಬ ಹುಡುಗಿ.

ಕಾಯ್ದೆ ಎಳೆದ ಗೆರೆಗಳು

ಅಣ್ಣ ತಂಗಿ, ಅಜ್ಜಿ ಅತ್ತೆ ಯಾರೂ ಇಲ್ಲದ ಕಡೆ ತಾಯಂದಿರು ಏನು ಮಾಡುತ್ತಿದ್ದರು? ಮುಂಬೈಯ ಬಟ್ಟೆ ಗಿರಣಿಗಳ ಚರಿತ್ರೆಯಲ್ಲಿ ಇದಕ್ಕೆ ಎದೆ ನಡುಗಿಸುವ ಉತ್ತರವಿದೆ. ಗಿರಣಿಗೆ ಹೋಗುವ ಹೆಂಗಸರು ಹಸುಗೂಸುಗಳಿಗೆ ಅಫೀಮಿನ ಸಣ್ಣ ಗುಳಿಗೆ ಕೊಟ್ಟು ಮಲಗಿಸಿ ಹೋಗುತ್ತಿದ್ದರು. ಅವರು ಕ್ರೂರಿಗಳಾಗಿರಲಿಲ್ಲ. ಕೂಲಿ ತಪ್ಪಿದರೆ ಆ ಕೂಸಿಗೇ ಹಾಲಿಲ್ಲ ಎಂಬ ಸ್ಥಿತಿ ಅವರದಾಗಿತ್ತು. ಭಾರತದ ಕಾರ್ಮಿಕರ ಸ್ಥಿತಿಯನ್ನು ಪರಿಶೀಲಿಸಿದ ರಾಯಲ್ ಕಮಿಷನ್ 1931ರ ತನ್ನ ವರದಿಯಲ್ಲಿ, ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಗಳಲ್ಲಿ ಶಿಶುಗೃಹ ಇರಬೇಕೆಂದು ಶಿಫಾರಸು ಮಾಡಿತು. ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಡೆ ಅದನ್ನು ಕಡ್ಡಾಯಗೊಳಿಸಿತು. 1976ರಲ್ಲಿ ಆ ಸಂಖ್ಯೆ ಮೂವತ್ತಕ್ಕೆ ಇಳಿಯಿತು.

ಮಲೆನಾಡಿಗೆ ಸಂಬಂಧಿಸಿದ್ದು 1951ರ ತೋಟ ಕಾರ್ಮಿಕರ ಕಾಯ್ದೆ. ಕೂಲಿಯವರಿಗೆ ಮನೆ, ಆಸ್ಪತ್ರೆ, ಶಾಲೆಗಳ ಜೊತೆಗೆ, ಐವತ್ತು ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಮಕ್ಕಳಿಗಾಗಿ ಶಿಶುಗೃಹ ಇರಲೇಬೇಕೆಂದು ಅದು ಹೇಳಿತು. ಚಿಕ್ಕಮಗಳೂರು ಜಿಲ್ಲೆಯ ದೊಡ್ಡ ಕಾಫಿ ತೋಟಗಳಲ್ಲಿ, ಲೈನ್ ಮನೆಗಳ ಸಾಲಿನ ತುದಿಯಲ್ಲಿ ಒಂದು ಕೋಣೆ, ಅದರೊಳಗೆ ಸೀರೆಯ ಜೋಲಿಗಳು, ನೋಡಿಕೊಳ್ಳಲು ಒಬ್ಬ ಆಯಾ ಇದ್ದರೆ, ಅದರ ಹಿಂದೆ ಇದ್ದದ್ದು ಈ ಕಾಯ್ದೆ.

ಆದರೆ ಕಾಯ್ದೆ ಗೆರೆಗಳನ್ನೂ ಎಳೆಯಿತು. ಅದರ ಪಟ್ಟಿಯಲ್ಲಿದ್ದದ್ದು ಚಹಾ, ಕಾಫಿ, ರಬ್ಬರ್, ಸಿಂಕೋನಾ. 1981ರ ತಿದ್ದುಪಡಿಯಲ್ಲಿ ಏಲಕ್ಕಿ ಸೇರಿತು. ಅಡಿಕೆಯ ಹೆಸರೇ ಇರಲಿಲ್ಲ. ಮೊದಲಿಗೆ ಇಪ್ಪತ್ತೈದು ಎಕರೆಗಿಂತ ಕಡಿಮೆ ಇರುವ ತೋಟ ಕಾಯ್ದೆಯ ಹೊರಗಿತ್ತು, 1981ರಲ್ಲಿ ಆ ಮಿತಿ ಐದು ಹೆಕ್ಟೇರಿಗೆ ಬಂತು. ಅದೇ ತಿದ್ದುಪಡಿ ಇಪ್ಪತ್ತು ಮಕ್ಕಳಿದ್ದರೂ ಶಿಶುಗೃಹ ಬೇಕು, ಗುತ್ತಿಗೆದಾರ ಕರೆತಂದ ಹೆಂಗಸರನ್ನೂ ಎಣಿಸಬೇಕು ಎಂದಿತು. ಒಳ್ಳೆಯ ಮಾತೇ. ಆದರೆ ನಮ್ಮ ಕೊಪ್ಪ ಶೃಂಗೇರಿಯ ಕಣಿವೆಗಳಲ್ಲಿ ಇರುವುದು ಹೆಚ್ಚಾಗಿ ಸಣ್ಣ ತೋಟಗಳು. ಎರಡು ಎಕರೆ ಅಡಿಕೆ, ನಾಲ್ಕು ಎಕರೆ ಕಾಫಿ, ಕೆಲಸಕ್ಕೆ ಐದಾರು ಹೆಂಗಸರು. ಆ ಐದಾರು ಹೆಂಗಸರ ಮಕ್ಕಳು ಯಾವ ಗೆರೆಯ ಒಳಗೂ ಬರಲಿಲ್ಲ. ಸಣ್ಣ ತೋಟದ ಮಾಲೀಕನ ಮೇಲೆ ಮಾತ್ರ ತಪ್ಪು ಹೊರಿಸುವಂತಿಲ್ಲ. ನಾಲ್ಕು ಎಕರೆಯವನೊಬ್ಬ ಶಿಶುಗೃಹ ಕಟ್ಟಿಸಲಾರ. 1951ರ ಕಾಯ್ದೆ ಈಗ 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಗಿದೆ, 2025ರ ನವೆಂಬರ್ 21ರಿಂದ ಆ ಸಂಹಿತೆ ಜಾರಿಗೆ ಬಂದಿದೆ. ಐದು ಹೆಕ್ಟೇರಿನ ಗೆರೆ ಅಲ್ಲೂ ಹಾಗೆಯೇ ಇದೆ.

ಅಂಗನವಾಡಿಯ ಬಾಗಿಲು

1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಅಲ್ಲಿಂದ ಹಬ್ಬಿದ ಅಂಗನವಾಡಿ ಇಂದು ಬಡವರ ಮನೆಗೆ ಸರಕಾರದ ಅತಿ ಹತ್ತಿರದ ಬಾಗಿಲು. ಅದರ ಉಪಕಾರವನ್ನು ಮರೆಯಬಾರದು. ಆದರೆ ಅಲ್ಲಿ ಮಕ್ಕಳು ದಿನವಿಡೀ ಕೂರುವುದು ಮೂರು ವರ್ಷ ತುಂಬಿದ ಮೇಲೆ. ಅದಕ್ಕಿಂತ ಚಿಕ್ಕ ಕೂಸಿಗೆ ಸಿಗುವುದು ಮನೆಗೆ ಒಯ್ಯುವ ಆಹಾರದ ಪೊಟ್ಟಣ. ತಾಯಿಗೆ ಅತಿ ಹೆಚ್ಚು ಕಷ್ಟವಾಗುವುದು ಆ ಮೂರು ವರ್ಷಗಳಲ್ಲೇ ಅಲ್ಲವೇ?

ಇಲ್ಲೂ ಸಂಖ್ಯೆಯ ಗೆರೆ ಬಂತು. ಆರು ವರ್ಷದೊಳಗಿನ ನಲವತ್ತು ಮಕ್ಕಳಿರುವ ಜನವಸತಿಯವರು ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕೆಂದು ಸುಪ್ರೀಂ ಕೋರ್ಟು 2006ರ ಡಿಸೆಂಬರ್ 13ರಂದು ಆದೇಶಿಸಿತು. ಬಯಲುಸೀಮೆಯ ಊರಿಗೆ ಇದು ದೊಡ್ಡ ವರ. ಗುಡ್ಡಕ್ಕೊಂದು ಮನೆ, ಹಳ್ಳದಾಚೆ ಇನ್ನೊಂದು ಮನೆ ಇರುವ ನಮ್ಮಲ್ಲಿ ನಲವತ್ತು ಮಕ್ಕಳು ಒಂದೆಡೆ ಸೇರುವುದು ಎಲ್ಲಿ? ಚಿಕ್ಕ ಊರುಗಳಿಗೆಂದು ಮಿನಿ ಅಂಗನವಾಡಿಗಳೂ ಬಂದವು. ಆದರೂ ಮಳೆಗಾಲದಲ್ಲಿ ಸಂಕ ದಾಟಿ ಮೂರು ವರ್ಷದ ಮಗುವನ್ನು ಬಿಟ್ಟುಬರುವ ತಾಯಿಗೆ ಅಲ್ಲೇ ಅರ್ಧ ದಿನದ ಕೂಲಿ ಹೋಗುತ್ತದೆ.

ಮದೀನದ ಒಂದು ರಾತ್ರಿ

ಮಕ್ಕಳ ಪಾಲನೆಯನ್ನು ಸಾರ್ವಜನಿಕ ಹಣದಿಂದ ನೋಡುವುದು ಇತ್ತೀಚಿನ ಆಲೋಚನೆಯೇನೂ ಅಲ್ಲ. ಖಲೀಫ ಹಝ್ರತ್ ಉಮರ್(ರ) ಅವರ ಕಾಲದ, ಅಂದರೆ 634ರಿಂದ 644ರ ನಡುವಿನ, ಒಂದು ಘಟನೆಯನ್ನು ಹಳೆಯ ಚರಿತ್ರಕಾರರು ದಾಖಲಿಸಿದ್ದಾರೆ. ಮದೀನದ ಹೊರಗೆ ವ್ಯಾಪಾರಿಗಳ ತಂಡವೊಂದು ಬೀಡುಬಿಟ್ಟಿತ್ತು. ರಾತ್ರಿ ಕಾವಲಿಗೆ ಹೋದ ಖಲೀಫರಿಗೆ ಒಂದು ಮಗುವಿನ ಅಳು ಮತ್ತೆ ಮತ್ತೆ ಕೇಳಿಸಿತು. ವಿಚಾರಿಸಿದಾಗ, ತಾನು ಮಗುವಿನ ಹಾಲು ಬಿಡಿಸುತ್ತಿದ್ದೇನೆ ಎಂದು ತಾಯಿ ಹೇಳಿದಳು. ಇಷ್ಟು ಬೇಗ ಏಕೆ? ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಖಜಾನೆಯಿಂದ ವೇತನ ಸಿಗುತ್ತದೆ ಎಂಬುದು ಉಮರ್ ಅವರದೇ ನಿಯಮವಾಗಿತ್ತು. ತನ್ನೆದುರು ನಿಂತವರು ಯಾರೆಂದು ಆಕೆಗೆ ತಿಳಿದಿರಲಿಲ್ಲ. ಅಂದು ಮುಂಜಾನೆಯ ನಮಾಝ್‌ನಲ್ಲಿ ಖಲೀಫರ ಅಳುವಿನಿಂದ ಅವರ ಓದು ಜನರಿಗೆ ಸರಿಯಾಗಿ ಕೇಳಿಸಲಿಲ್ಲವಂತೆ. ನಮಾಝ್ ಮುಗಿಸಿ ನಿಯಮ ಬದಲಾಯಿಸಿದರು. ಹುಟ್ಟಿದ ದಿನದಿಂದಲೇ ಪ್ರತಿ ಮಗುವಿಗೂ ವೇತನ ಎಂದು ನಾಡಿಗೆಲ್ಲ ಸಾರಿಸಿದರು.

ಈ ಘಟನೆಯನ್ನು ನಾವು ಖಲೀಫರ ಕರುಣೆಗೆ ಉದಾಹರಣೆಯಾಗಿ ಹೇಳುತ್ತೇವೆ. ಅದರಲ್ಲಿ ಇನ್ನೊಂದು ಪಾಠವೂ ಇದೆ. ಖಜಾನೆಯವರು ಎಳೆದ ಒಂದು ಗೆರೆಯ ಬೆಲೆಯನ್ನು ಹಾಲುಗೂಸೊಂದು ತೆರುತ್ತಿತ್ತು. ಅದನ್ನು ಕಂಡ ಆಳುವವರು ತಾಯಿಗೆ ಬುದ್ಧಿ ಹೇಳಲಿಲ್ಲ, ಗೆರೆಯನ್ನೇ ಅಳಿಸಿದರು.

ನೋಡಿಕೊಳ್ಳುವುದೂ ಕೆಲಸವೇ

ನಮ್ಮ ಕಾಲದಲ್ಲಿ ಇಂಥ ಒಂದು ಹೆಜ್ಜೆ 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಕಂಡಿತು. ಕೆಲಸದ ಸ್ಥಳದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಸಾಕು, ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕು, ಅವಳಿಗೂ ಮಣ್ಣು ಅಗೆದವರಷ್ಟೇ ಕೂಲಿ ಕೊಡಬೇಕು ಎಂದು ಅದರಲ್ಲಿ ಬರೆದಿತ್ತು. ಐವತ್ತಲ್ಲ, ನಲವತ್ತಲ್ಲ, ಐದು. ಎಷ್ಟು ಕಡೆ ಇದು ನಡೆಯಿತು ಎಂಬುದು ಬೇರೆ ಮಾತು. ಆದರೆ ಕೂಸು ನೋಡುವುದೂ ಒಂದು ಕೆಲಸ, ಅದಕ್ಕೂ ಸಮನಾದ ಕೂಲಿಯುಂಟು ಎಂದು ದೇಶದ ಕಾಯ್ದೆಯೊಂದು ಒಪ್ಪಿಕೊಂಡಿತು. 2023ರಲ್ಲಿ ನಮ್ಮ ರಾಜ್ಯ ಸರಕಾರ ಗ್ರಾಮ ಪಂಚಾಯತಿಗಳಲ್ಲಿ ಆರಂಭಿಸಿದ 'ಕೂಸಿನ ಮನೆ' ಈ ಕಾಯ್ದೆಯ ಆಸರೆಯಲ್ಲೇ ಬಂದದ್ದು. ಮೂರು ವರ್ಷದೊಳಗಿನ ಮಕ್ಕಳ ಕಡೆಗೆ ಅದು ಕಣ್ಣು ತೆರೆಯಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಉದ್ಯೋಗ ಖಾತರಿಯ ಜಾಗಕ್ಕೆ ಬೇರೆ ಕಾಯ್ದೆಯನ್ನು ತಂದಿದೆ. ಕೂಸುಗಳ ಪಾಲು ಈ ಬದಲಾವಣೆಯಲ್ಲಿ ಕಳೆದುಹೋಗದಂತೆ ಪಂಚಾಯತಿಯ ಸದಸ್ಯರು, ಅದರಲ್ಲೂ ಸದಸ್ಯೆಯರು, ಎಚ್ಚರದಿಂದಿರಬೇಕು.

ಆಪಾನಂಥವರ ದುಡಿತದಿಂದ ಖರ್ಚು ಉಳಿಸುವ ಅಭ್ಯಾಸ ಮನೆಗಳಿಗೆ ಮಾತ್ರ ಇಲ್ಲ, ಸರಕಾರಕ್ಕೂ ಇದೆ. ಅಂಗನವಾಡಿಯ ಕಾರ್ಯಕರ್ತೆಗೆ, ಸಹಾಯಕಿಗೆ ಆರಂಭದಿಂದಲೂ ಕೊಡುತ್ತಿರುವುದು ಸಂಬಳವಲ್ಲ, 'ಗೌರವಧನ'. ಅವರೂ ಗ್ರಾಚ್ಯುಟಿಗೆ ಅರ್ಹರು ಎಂದು ಸುಪ್ರೀಂ ಕೋರ್ಟು ಹೇಳಲು 2022ರ ಏಪ್ರಿಲ್ ಬರಬೇಕಾಯಿತು. ನಾಡಿನ ಮಕ್ಕಳನ್ನು ನೋಡಿಕೊಳ್ಳುವವಳ ಮನೆಯ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂದು ನಾವು ಕೇಳುವುದೇ ಇಲ್ಲ.

ಹಾಗಾದರೆ ಬಾಳಗಡಿಯ ಆ ಯುವತಿಗೆ ಏನು ಹೇಳೋಣ? ಅವಳ ಲೆಕ್ಕ ತಪ್ಪಲ್ಲ. ಪಕ್ಕದ ಮನೆಯವಳಿಗೆ ಅವಳು ಕೊಡುವ ಹಣವೂ ದಂಡವಲ್ಲ, ಆಕೆಯೂ ಬಡವಳೇ. ತಪ್ಪಿರುವುದು ಆ ಇಡೀ ಖರ್ಚನ್ನು ಒಬ್ಬಳ ಕೂಲಿಯಿಂದಲೇ ಕೀಳುವುದರಲ್ಲಿ. ಒಬ್ಬ ಸಣ್ಣ ತೋಟಗಾರನಿಂದ ಆಗದ್ದು ಹತ್ತು ತೋಟಗಾರರು ಸೇರಿದರೆ ಆಗುತ್ತದೆ. ಸುಲಿತ ಮತ್ತು ಕೊಯ್ಲಿನ ಆ ನಾಲ್ಕೈದು ತಿಂಗಳಾದರೂ ಊರಿಗೊಂದು ಕೋಣೆ, ಇಬ್ಬರು ಹೆಂಗಸರು, ಅವರಿಗೆ ತೋಟದಷ್ಟೇ ಕೂಲಿ ಸಾಕು. ನಮ್ಮ ಜಮಾಅತ್‌ಗಳ ಶಾದಿ ಮಹಲ್‌ಗಳು, ಊರಿನ ಸಮುದಾಯ ಭವನಗಳು ಮದುವೆಯಿಲ್ಲದ ದಿನಗಳಲ್ಲಿ ಬೀಗ ಹಾಕಿಕೊಂಡೇ ಇರುತ್ತವೆ. ಒಂದು ಬದಿಯ ಕೋಣೆಯ ಬೀಗವನ್ನು ಎಲ್ಲ ಜಾತಿ ಧರ್ಮದ ಕೂಸುಗಳಿಗಾಗಿ ತೆಗೆದರೆ ಕಳೆದುಕೊಳ್ಳುವುದೇನಿದೆ?

ಈ ಲೇಖನ ಬರೆಯುವ ಮುನ್ನ ನಾವು ಆಪಾಗೆ ಕೇಳಿದೆವು, ಶಾಲೆ ಬಿಟ್ಟ ದಿನ ನೆನಪಿದೆಯೇ ಎಂದು. ಮೊಮ್ಮಗಳ ತೊಟ್ಟಿಲು ತೂಗುತ್ತಲೇ ಅವರು ಹೇಳಿದರು: "ಬಿಡು ಎಂದು ಯಾರೂ ಹೇಳಲಿಲ್ಲ. ನಾಳೆಯಿಂದ ಹೋಗು ಎಂದೂ ಯಾರೂ ಹೇಳಲಿಲ್ಲ."

ಅವರ ಮಗಳು ಅಂದು ಕೆಲಸಕ್ಕೆ ಹೋಗಿದ್ದಳು.