ಎರಡು ರಂಗಗಳ ವಾಲಿ

ನಮ್ಮ ಕುಂಬಳೆ ಸೀಮೆಯಲ್ಲಿ ಪಾರ್ತಿಸುಬ್ಬನ ಮಾತೆತ್ತಿದರೆ ಒಂದು ಚರ್ಚೆ ಎದ್ದೇ ಏಳುತ್ತದೆ. ಯಕ್ಷಗಾನದ ರಾಮಾಯಣ ಪ್ರಸಂಗಗಳು ಅವನವೇ ಎಂದು ಮುಳಿಯ ತಿಮ್ಮಪ್ಪಯ್ಯನವರು ವಾದಿಸಿದರು. ಶಿವರಾಮ ಕಾರಂತರು ಒಪ್ಪಲಿಲ್ಲ. ಕುಕ್ಕಿಲ ಕೃಷ್ಣ ಭಟ್ಟರು ಆ ಪದಗಳನ್ನು ಕೊಟ್ಟಾರಕ್ಕರ ತಂಬುರಾನರ ರಾಮನಾಟ್ಟದೊಡನೆ ಇಟ್ಟು ನೋಡಿದ ಮೇಲೆ, ಯಾರು ಯಾರಿಂದ ಪಡೆದರು ಎಂಬ ತಕರಾರೂ ಸೇರಿಕೊಂಡಿತು. ಎರಡೂ ಆಟಗಳನ್ನು ನಿದ್ದೆಗೆಟ್ಟು ನೋಡಿದ ನನಗೆ ಈ ಲೇವಾದೇವಿಯ ಲೆಕ್ಕಕ್ಕಿಂತ ಪಾತ್ರಗಳೇ ಮುಖ್ಯ.

ಪ್ರಸಂಗಗಳ ಹೆಸರನ್ನೇ ನೋಡಿ. ತಂಬುರಾನರು ಕಥೆಯನ್ನು ಎಂಟು ದಿನಗಳ ಆಟವಾಗಿ ಹಂಚಿದರು. ರಾಮನಿಗೆ ಪಟ್ಟ ತಪ್ಪಿದ ಕಥೆ ಅಲ್ಲಿ ‘ವಿಚ್ಛಿನ್ನಾಭಿಷೇಕಂ’. ನಮ್ಮಲ್ಲಿ ಅದೇ ‘ಪಟ್ಟಾಭಿಷೇಕ’! ಹನುಮಂತ ಲಂಕೆಗೆ ಹಾರಿದ್ದು ಅಲ್ಲಿ ‘ತೋರಣಯುದ್ಧಂ’, ಇಲ್ಲಿ ‘ಉಂಗುರ ಸಂಧಿ’. ಒಬ್ಬರ ಕಣ್ಣು ಯುದ್ಧದ ಮೇಲೆ, ಇನ್ನೊಬ್ಬರದು ಸೀತೆಯ ಕೈಗೆ ಸೇರಿದ ಉಂಗುರದ ಮೇಲೆ.

ಆದರೆ ಎರಡರ ಅಂತರ ನಿಜವಾಗಿ ತಿಳಿಯುವುದು ವಾಲಿಯಲ್ಲಿ. ಮಲಯಾಳದಲ್ಲಿ ಅವನು ಬಾಲಿ. ‘ಬಾಲಿವಧಂ’ ಕಥಕಳಿಯಲ್ಲಿ ಅಣ್ಣ ತಮ್ಮ ಇಬ್ಬರದೂ ಕೆಂಪು ಗಡ್ಡದ ವೇಷ. ಅಬ್ಬರಿಸುತ್ತಾರೆ, ಆದರೆ ಮಾತಿಲ್ಲ. ಪದ ಹಾಡುವವರು ಹಿಂದೆ ನಿಂತ ಭಾಗವತರು. ಮರೆಯಿಂದ ಬಾಣ ಬಿಟ್ಟೆಯೇಕೆ ಎಂದು ಅವನು ಕೇಳಬೇಕಾದದ್ದು ಕೈಮುದ್ರೆಯಿಂದ, ಕಣ್ಣಿನಿಂದ. ಬಾಣ ನಾಟಿದ ಬಾಲಿ ಉಸಿರು ಎಳೆದು ಎಳೆದು ಸಾಯುವುದನ್ನು ಒಮ್ಮೆ ಬೆಳಗಿನ ಜಾವ ನೋಡಿದೆ. ಪಕ್ಕದಲ್ಲಿದ್ದ ಮಲಯಾಳಿ ಮೇಷ್ಟ್ರು ಹೆಗಲ ಮುಂಡಿನಿಂದ ಕಣ್ಣೊರಸಿಕೊಂಡರು. ಭಾಷೆ ಸರಿಯಾಗಿ ತಿಳಿಯದ ನನಗೂ ಗಂಟಲು ಕಟ್ಟಿತ್ತು.

ನಮ್ಮ ವಾಲಿ ಹಾಗಲ್ಲ, ಅವನು ವಾದಿ. ತಾಳಮದ್ದಳೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗೆ ಮಾತೊಂದೇ ಆಯುಧ. ಪದ ನಾಲ್ಕೇ ಸಾಲಿರಬಹುದು, ಮಾತು ಅರ್ಧ ಗಂಟೆ. ನಿನಗೂ ನನಗೂ ಹಗೆ ಏನು, ಸೀತೆಯನ್ನು ತರಲು ನನ್ನನ್ನೇ ಕೇಳಬಹುದಿತ್ತಲ್ಲ ಎಂದು ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಹಿಡಿದರೆ ರಾಮನ ಕಡೆಯವರು ಬೆವರಬೇಕಿತ್ತು. 2006ರಲ್ಲಿ ಶೇಣಿಯವರು ತೀರಿಕೊಂಡರು. ಧ್ವನಿಮುದ್ರಣಗಳಿವೆ, ನಿಜ. ಆದರೆ ಎದುರಾಳಿಗೆ ತಕ್ಕಂತೆ ಆ ರಾತ್ರಿಯೇ ಹುಟ್ಟುತ್ತಿದ್ದ ವಾಲಿಯನ್ನು ಪ್ರಸಂಗ ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ಕಥಕಳಿಯ ಬಾಲಿಯನ್ನು ಕನ್ನಡ ಮಾತ್ರ ಬಲ್ಲವನೂ ನೋಡಿ ಅಳಬಹುದು. ಕನ್ನಡ ಕಿವಿ ಇಲ್ಲದ ಕಡೆ ನಮ್ಮ ವಾಲಿಗೆ ಉಸಿರಿಲ್ಲ.

1956ರ ನವೆಂಬರ್ 1ರ ನಂತರ ಈ ಊರಿನಲ್ಲಿ ಕಿವಿಗಳು ಬದಲಾದವು. ನನ್ನ ಮೊಮ್ಮಗ ಓದುವುದು ಮಲಯಾಳ ಮಾಧ್ಯಮದಲ್ಲಿ. ಶಾಲಾ ಕಲೋತ್ಸವದ ಯಕ್ಷಗಾನಕ್ಕೆ ಅವನದು ವಾಲಿಯ ಪಾತ್ರ. ಮೊನ್ನೆ ಅವನ ನೋಟುಪುಸ್ತಕ ತೆರೆದೆ: ಅರ್ಥವೆಲ್ಲ ಶುದ್ಧ ಕನ್ನಡ, ಬರೆದದ್ದು ಮಲಯಾಳ ಅಕ್ಷರದಲ್ಲಿ. ಮೊದಲು ಸಿಟ್ಟು ಬಂತು. ಮತ್ತೆ ಓದಿದಾಗ, ಬಿಟ್ಟುಹೋದ ಒಂದು ಮಾತು ಕಣ್ಣಿಗೆ ಬಿತ್ತು.

“ಬರೆದುಕೋ” ಎಂದೆ. ಜಗಲಿಯಲ್ಲಿ ಕುಳಿತು ನಾನು ಹೇಳುತ್ತಾ ಹೋದೆ, ಅವನು ತನ್ನ ಅಕ್ಷರದಲ್ಲಿ ಬರೆಯುತ್ತಾ ಬಂದ.

“ಅಜ್ಜಾ, ಬಾಣ ತಾಗಿದ ಮೇಲೂ ಇಷ್ಟು ಮಾತಾಡಬೇಕಾ?”

“ಆಗಲೇ ಮಾತಾಡುವುದು, ಮಗಾ” ಎಂದೆ.