ಡೊಮೇನ್ ಯಜಮಾನರ ಹೆಸರು ಮುಚ್ಚಿಟ್ಟರೆ ಗೂಗಲ್ ಮುನಿಯುತ್ತದೆಯೇ?

ಔರಾದದಂಥ ಊರಲ್ಲಿ ಹೆಸರು, ಓಣಿ ಹೇಳಿದರೆ ಸಾಕು, ಮನೆ ಸಿಕ್ಕಿಬಿಡುತ್ತದೆ. ಹಾಗಾಗಿ ಸ್ವಂತ ಡೊಮೇನ್ ಕೊಳ್ಳುವಾಗ ವಿಳಾಸ ಮುಚ್ಚಿಡೋಣ ಅನ್ನಿಸುವುದು ಸಹಜ. ಆದರೆ ಹುಡುಕಾಟದಲ್ಲಿ ಹಿಂದೆ ಬೀಳ್ತೀವಾ ಅನ್ನೋ ಅಳುಕು! ಈ ಅಳುಕಿಗೂ ಒಂದು ಇತಿಹಾಸ ಇದೆ ನೋಡಿ.

'ಹೂಈಸ್' ಶುರುವಾದದ್ದು 1982ರಲ್ಲಿ, ಅರ್ಪಾನೆಟ್ ಬಳಕೆದಾರರ ಟೆಲಿಫೋನ್ ಡೈರೆಕ್ಟರಿಯ ಹಾಗೆ. ಆಗ ಇದ್ದವರೇ ಕೆಲವರು, ಮುಚ್ಚಿಡುವ ಪ್ರಶ್ನೆಯೇ ಇರಲಿಲ್ಲ. ವೆಬ್ ಬೆಳೆದ ಮೇಲೆ ಸ್ಪ್ಯಾಮ್ ಕಳಿಸುವವರು ಅಲ್ಲಿಂದಲೇ ಇಮೇಲ್ ಹೆಕ್ಕತೊಡಗಿದರು. ಹೆಸರು ಮರೆಮಾಡುವ ಸೇವೆಗಳು ಬಂದವು.

2005ರಲ್ಲಿ ಪ್ರಕಟವಾದ ಗೂಗಲ್‌ನ ಪೇಟೆಂಟ್ ಅರ್ಜಿಯೊಂದು, ಕಳ್ಳ ತಾಣ ಗುರುತಿಸಲು ಡೊಮೇನ್ ದಾಖಲೆಯನ್ನೂ ನೋಡಬಹುದು ಅಂದಿತು. ಅಳುಕು ಬಲವಾಯಿತು.

ಆದರೆ 2018ರ ಮೇ 25ರಂದು ಯುರೋಪಿನ ಜಿಡಿಪಿಆರ್ ಕಾನೂನು ಜಾರಿಯಾದ ಮೇಲೆ ಡಾಟ್ ಕಾಮ್‌ನಂಥ ಡೊಮೇನುಗಳಲ್ಲಿ ಸಾಮಾನ್ಯರ ವಿವರಗಳು ತಾವಾಗಿಯೇ ಮರೆಯಾದವು. ಎಲ್ಲರೂ ಮುಸುಕು ಹಾಕಿಕೊಂಡಾಗ ಮುಸುಕು ನೋಡಿ ಕಳ್ಳನನ್ನು ಹಿಡಿಯುವುದು ಹೇಗೆ?

ಒಂದು ಎಚ್ಚರ: ಡಾಟ್ ಇನ್ ನಿಯಮ ಬೇರೆ, ಅಲ್ಲಿ ಮರೆಮಾಡುವ ಸೇವೆಗೆ ಅವಕಾಶವಿಲ್ಲ. ಎಲ್ಲೇ ಕೊಂಡರೂ ರಿಜಿಸ್ಟ್ರಾರ್‌ಗೆ ನಿಜವಾದ ವಿವರವನ್ನೇ ಕೊಡಬೇಕು. ಅದನ್ನು ಊರಿಗೆಲ್ಲ ತೋರಿಸಬೇಕಿಲ್ಲ, ಅಷ್ಟೇ. ರ್‍ಯಾಂಕಿಂಗ್ ಆಸೆಗೆ ಮನೆ ವಿಳಾಸ ಬಿಚ್ಚಿಡಬೇಡಿ.