ಸೀಟಿ ಹಿಡಿದ ಕೈ: ಯೆರವಡಾದಿಂದ ಬಂದ ಪತ್ರ ಮತ್ತು ಹಾಕಿ ಅಂಪೈರಿಂಗ್‌ನ ಕಥೆ



ಈ ಸಲ ಬಂದ ಪತ್ರಗಳ ಕಟ್ಟಿನಲ್ಲಿ ಹಾಡಿನ ಕೋರಿಕೆ ಇಲ್ಲದ ಪತ್ರ ಒಂದೇ ಒಂದಿತ್ತು. ಬರೆದವರು ಪುಣೆಯ ಯೆರವಡಾದಲ್ಲಿ ನೆಲೆಸಿರುವ, ಮೂಲತಃ ಧಾರವಾಡ ಕಡೆಯ ಒಬ್ಬ ತಂದೆ. ಅವರ ಮಗಳು ಒಂಬತ್ತನೇ ತರಗತಿ, ಹಾಕಿ ಆಡುವ ಹುಡುಗಿ. ಮಣಿಕಟ್ಟು ಉಳುಕಿ ಸ್ಟಿಕ್ ಹಿಡಿಯುವಂತಿಲ್ಲ, ಆದರೆ ಓಡಬಹುದು. ಹಾಗಾಗಿ ಟೀಚರು ಅವಳ ಕೈಗೆ ಸೀಟಿ ಕೊಟ್ಟು, "ಇವತ್ತು ನೀನೇ ಅಂಪೈರ್" ಎಂದರಂತೆ. ಪಂದ್ಯ ಮುಗಿಯಲು ಒಂದು ನಿಮಿಷ ಇರುವಾಗ ಸರ್ಕಲ್ ಒಳಗೆ ಚೆಂಡು ಒಬ್ಬ ಡಿಫೆಂಡರ್ ಕಾಲಿಗೆ ಬಡಿದು ನಿಂತಿತು. ಇವಳು ಸೀಟಿ ಊದಿ ಪೆನಾಲ್ಟಿ ಕಾರ್ನರ್ ಕೊಟ್ಟಳು, ಅದು ಗೋಲಾಯಿತು. ಸೋತ ತಂಡದಲ್ಲಿ ಇವಳ ಜೀವದ ಗೆಳತಿ ಇದ್ದಳು. ಎರಡು ದಿನ ಸ್ಕೂಲ್ ಬಸ್ಸಿನಲ್ಲಿ ಇವಳ ಪಕ್ಕ ಯಾರೂ ಕೂರಲಿಲ್ಲ.

ತಂದೆಯ ಪ್ರಶ್ನೆ ಇಷ್ಟೇ: "ಕಾಲಿಗೆ ತಾಗಿದ್ದು ಬೇಕೂಂತ ಅಲ್ಲವಲ್ಲ? ಮಗಳು ಮಾಡಿದ್ದು ಸರಿಯೇ? ಇನ್ನು ಸೀಟಿ ಮುಟ್ಟಲ್ಲ ಅಂತಿದ್ದಾಳೆ. ಅವಳಿಗೆ ನಾನೇನು ಹೇಳಲಿ?"

ಮೂರು ನಿಮಿಷದ ಸ್ಲಾಟಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

1932ರ ಎರಡು ತೀರ್ಪು

ಯೆರವಡಾ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಜೈಲು. 1932ರ ಆಗಸ್ಟ್‌ನಲ್ಲಿ ಗಾಂಧೀಜಿ ಅದೇ ಜೈಲಿನಲ್ಲಿದ್ದರು. ಅದೇ ತಿಂಗಳು ಸಾವಿರಾರು ಮೈಲಿ ದೂರದ ಲಾಸ್ ಏಂಜಲೀಸ್‌ನಲ್ಲಿ ಭಾರತದ ಹಾಕಿ ತಂಡ ಒಲಿಂಪಿಕ್ಸ್ ಆಡುತ್ತಿತ್ತು. ಲಾಲ್ ಷಾ ಬೊಖಾರಿ ನಾಯಕ. ಆಡಲು ಬಂದಿದ್ದೇ ಮೂರು ತಂಡ. ಜಪಾನ್ ಮೇಲೆ 11-1, ಅಮೆರಿಕದ ಮೇಲೆ 24-1. ಅಮೆರಿಕದ ವಿರುದ್ಧ ರೂಪ್ ಸಿಂಗ್ ಒಬ್ಬರೇ 10 ಗೋಲು, ಅವರ ಅಣ್ಣ ಧ್ಯಾನ್ ಚಂದ್ 8 ಗೋಲು ಹೊಡೆದರು. ಇಂಥ ಪಂದ್ಯದಲ್ಲಿ ಅಂಪೈರ್ ಯಾರು, ಅವರು ಏನು ಕೊಟ್ಟರು ಅಂತ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಆದರೆ ಅದೇ ಆಗಸ್ಟ್‌ನಲ್ಲಿ ಬ್ರಿಟಿಷ್ ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಕಮ್ಯುನಲ್ ಅವಾರ್ಡ್ ಪ್ರಕಟಿಸಿದರು. ಅದೂ ಒಂದು ಅಂಪೈರ್ ತೀರ್ಪೇ. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟದ್ದು ನ್ಯಾಯ ಎಂದರು ಡಾ. ಅಂಬೇಡ್ಕರ್. ಅದನ್ನು ಒಪ್ಪದ ಗಾಂಧೀಜಿ ಸೆಪ್ಟೆಂಬರ್ 20ರಂದು ಯೆರವಡಾದಲ್ಲಿ ಉಪವಾಸ ಕೂತರು. 24ರಂದು ಪುಣೆ ಒಪ್ಪಂದಕ್ಕೆ ಸಹಿ ಬಿತ್ತು, ತೀರ್ಪು ಬದಲಾಯಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ತೊಂಬತ್ತು ವರ್ಷ ದಾಟಿದರೂ ಮುಗಿದಿಲ್ಲ. ಆ ಚರ್ಚೆಗೆ ನಾವು ಇಲ್ಲಿ ಇಳಿಯುವುದಿಲ್ಲ. ಒಂದೇ ಮಾತು: ತೀರ್ಪು ಕೊಡುವವರ ಕಷ್ಟ, ತೀರ್ಪಿಗೆ ತಲೆ ಕೊಡುವವರ ಕಷ್ಟ, ಎರಡನ್ನೂ ಕಂಡ ಊರು ಯೆರವಡಾ.

ಹಾಕಿಯೂ ಈ ಊರಿಗೆ ದೂರದ್ದಲ್ಲ. ಹೋಳ್ಕರ್ ಸೇತುವೆ ದಾಟಿದರೆ ಖಡಕಿ. ದಂಡಿನ ಪ್ರದೇಶ, ಶಸ್ತ್ರಾಸ್ತ್ರ ಕಾರ್ಖಾನೆ, ಕಾರ್ಮಿಕರ ವಸತಿ, ಕೆಂಪು ಮಣ್ಣಿನ ಮೈದಾನ. ಮುರಿದ ಸ್ಟಿಕ್ಕಿಗೆ ಹಗ್ಗ ಸುತ್ತಿ ಆಡುತ್ತಾ ಬೆಳೆದ ಧನರಾಜ್ ಪಿಳ್ಳೈ 1968ರಲ್ಲಿ ಹುಟ್ಟಿದ್ದು ಅಲ್ಲೇ. ಮುಂದೆ ನಾಲ್ಕು ಒಲಿಂಪಿಕ್ಸ್ ಆಡಿದರು, 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ನಾಯಕರಾಗಿ ಚಿನ್ನ ತಂದರು.

ಕೇಳಿದರೆ ಮಾತ್ರ ತೀರ್ಪು

ಈಗಿನ ಹಾಕಿಗೆ ನಿಯಮಗಳ ಚೌಕಟ್ಟು ಸಿಕ್ಕಿದ್ದು 1886ರಲ್ಲಿ ಲಂಡನ್ನಿನಲ್ಲಿ ಹಾಕಿ ಅಸೋಸಿಯೇಷನ್ ಹುಟ್ಟಿದ ಮೇಲೆ. ಆಗಿನ ಅಂಪೈರ್ ಹೆಚ್ಚು ಕಡಿಮೆ ಕ್ರಿಕೆಟ್ ಅಂಪೈರ್ ಇದ್ದ ಹಾಗೆ. ಆಟಗಾರರು ಅಪೀಲು ಮಾಡಿದರೆ ಬಾಯಿ ಬಿಡಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು. ಆಡುವವರೆಲ್ಲ ಸಭ್ಯರು, ತಪ್ಪು ಮಾಡಿದರೆ ತಾವೇ ಒಪ್ಪುತ್ತಾರೆ ಎಂಬ ನಂಬಿಕೆ ಅದರ ಹಿಂದಿತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಆ ನಂಬಿಕೆ ಸಡಿಲವಾಯಿತು. ಯಾರೂ ಕೇಳದಿದ್ದರೂ ಸೀಟಿ ಊದುವ ಅಧಿಕಾರ ಅಂಪೈರ್‌ಗೆ ಬಂತು. ಅಧಿಕಾರ ಬಂದ ದಿನವೇ ಬೈಗುಳವೂ ಬಂತು ಅನ್ನಿ!

1924ರಲ್ಲಿ ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್, ಅಂದರೆ ಎಫ್‌ಐಎಚ್ ಹುಟ್ಟಿತು. ಆಮೇಲೆ ಆಟ ಬದಲಾದಾಗಲೆಲ್ಲ ಅಂಪೈರ್‌ನ ಕೆಲಸವೂ ಬದಲಾಯಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕೃತಕ ಟರ್ಫ್ ಬಂದು ಚೆಂಡಿನ ವೇಗ ಹೆಚ್ಚಿತು, ನೋಡುವ ಕಣ್ಣೂ ಅಷ್ಟೇ ಚುರುಕಾಗಬೇಕಾಯಿತು. 1990ರ ದಶಕದಲ್ಲಿ ಆಫ್‌ಸೈಡ್ ನಿಯಮ ಹೋಯಿತು, ಅಂಪೈರ್‌ನ ಅರ್ಧ ತಲೆನೋವು ಇಳಿಯಿತು. ನಂತರ ವಿಡಿಯೋ ಅಂಪೈರ್ ಬಂದರು. 35 ನಿಮಿಷದ ಎರಡು ಅವಧಿ ಹೋಗಿ, ಈಗ 15 ನಿಮಿಷದ ನಾಲ್ಕು ಕ್ವಾರ್ಟರ್ ಆಗಿದೆ.

ಮೊದಲ ಪಾಠ: ಎಲ್ಲಿ ನಿಲ್ಲಬೇಕು?

ಹೊಸಬರು ಸೀಟಿ ಸಿಕ್ಕ ಕೂಡಲೇ ಊದಲು ನೋಡುತ್ತಾರೆ. ಅನುಭವಿಗಳು ಮೊದಲು ಕಲಿಸುವುದು ನಿಲ್ಲುವ ಜಾಗ.

ಮೈದಾನ 91.40 ಮೀಟರ್ ಉದ್ದ, 55 ಮೀಟರ್ ಅಗಲ. ಫುಟ್‌ಬಾಲ್‌ನಲ್ಲಿ ಒಬ್ಬ ರೆಫರಿ ನಡುವೆ ಓಡುತ್ತಾರೆ. ಹಾಕಿಯಲ್ಲಿ ಸಮಾನ ಅಧಿಕಾರದ ಇಬ್ಬರು. ಒಬ್ಬೊಬ್ಬರಿಗೆ ಮೈದಾನದ ಒಂದೊಂದು ಅರ್ಧ, ಎದುರು ಬದುರು ಸೈಡ್‌ಲೈನ್. ತಾನು ನೋಡಿಕೊಳ್ಳುವ ಗೋಲು ಯಾವಾಗಲೂ ತನ್ನ ಬಲಗಡೆಗೆ ಇರುವಂತೆ ನಿಲ್ಲುತ್ತಾರೆ. ದಾಳಿ ಬಲಕ್ಕೆ ಸಾಗಿದಾಗ ತಾನೂ ಒಳಗೆ ಸರಿಯಬೇಕು, ಎಡಕ್ಕೆ ಹೋದಾಗ ಜತೆಗಾರರಿಗೆ ಬಿಟ್ಟು ಹಿಂದಿನಿಂದ ಕಣ್ಣಿಡಬೇಕು. ಗೋಲು, ಪೆನಾಲ್ಟಿ ಕಾರ್ನರ್, ಪೆನಾಲ್ಟಿ ಸ್ಟ್ರೋಕ್, ಈ ಮೂರರ ತೀರ್ಮಾನ ಆಯಾ ಅರ್ಧದ ಅಂಪೈರ್‌ದೇ. ಅನುಮಾನ ಬಂದರೆ ಆಚೆಯವರ ಕಡೆ ನೋಡಿ ಕೇಳಬಹುದು. ಕೇಳುವುದು ಅವಮಾನವಲ್ಲ.

ಎರಡನೇ ಪಾಠ ಕೈಸನ್ನೆ. ಸೀಟಿ ಎಲ್ಲರಿಗೂ ಕೇಳಿಸುತ್ತದೆ, ಯಾಕೆ ಎಂಬುದು ಕೈಯಿಂದಲೇ ಗೊತ್ತಾಗಬೇಕು. ಒಂದು ಕೈ ಅಡ್ಡಲಾಗಿ ಚಾಚಿದರೆ ಆ ದಿಕ್ಕಿಗೆ ಫ್ರೀ ಹಿಟ್. ಎರಡೂ ಕೈ ಗೋಲಿನ ಕಡೆ ಚಾಚಿದರೆ ಪೆನಾಲ್ಟಿ ಕಾರ್ನರ್, ಎರಡೂ ಕೈ ಮೈದಾನದ ನಡುವಿಗೆ ಚಾಚಿದರೆ ಗೋಲು. ಒಂದು ಕೈ ಪೆನಾಲ್ಟಿ ಸ್ಪಾಟ್ ಕಡೆ, ಇನ್ನೊಂದು ನೇರ ಮೇಲಕ್ಕೆ ಎತ್ತಿದರೆ ಸ್ಟ್ರೋಕ್. ಅದನ್ನು ಗೋಲಿನಿಂದ 6.40 ಮೀಟರ್ ದೂರದಲ್ಲಿ ಇಟ್ಟು ಹೊಡೆಯುತ್ತಾರೆ, ಎದುರಿಗೆ ಗೋಲ್‌ಕೀಪರ್ ಒಬ್ಬರೇ. ಕಾಲಿಗೆ ತಾಗಿದ್ದನ್ನು ತೋರಿಸಲು ಕಾಲು ಕೊಂಚ ಎತ್ತಿ ಪಾದದ ಹತ್ತಿರ ಮುಟ್ಟುತ್ತಾರೆ. ಅಡ್ಡಿಪಡಿಸಿದ್ದಕ್ಕೆ ಎದೆಯ ಮುಂದೆ ಮುಂಗೈ ಕತ್ತರಿ.

ಮೂರನೆಯದು ಕಾರ್ಡು. ಹಸಿರು ತ್ರಿಕೋನ, 2 ನಿಮಿಷ ಹೊರಗೆ. ಹಳದಿ ಚೌಕ, ಕನಿಷ್ಠ 5 ನಿಮಿಷ. ಕೆಂಪು ದುಂಡಗೆ, ಆ ಪಂದ್ಯ ಅಲ್ಲಿಗೇ ಮುಗಿಯಿತು. ಬಣ್ಣ ಗುರುತಿಸಲು ಕಷ್ಟ ಇರುವವರಿಗೂ ಆಕಾರದಿಂದ ತಿಳಿಯುತ್ತದೆ ನೋಡಿ.

ಊದದೇ ಇರುವ ವಿದ್ಯೆ

ಇವೆಲ್ಲ ವಾರದೊಳಗೆ ಬಾಯಿಪಾಠ ಆಗುತ್ತವೆ. ನಾಲ್ಕನೆಯ ಪಾಠಕ್ಕೆ ವರ್ಷಗಳು ಬೇಕು. ಅದರ ಹೆಸರು ಅಡ್ವಾಂಟೇಜ್.

ನಿಯಮ ಮುರಿದ ಮಾತ್ರಕ್ಕೆ ಸೀಟಿ ಊದುವುದಲ್ಲ. ಅದರಿಂದ ಎದುರಾಳಿಗೆ ನಷ್ಟವಾಯಿತೇ ಎಂದು ನೋಡಬೇಕು. ಫಾರ್ವರ್ಡ್‌ಗೆ ತಡೆ ಬಿದ್ದರೂ ಚೆಂಡು ಅವಳ ಗೆಳತಿಗೇ ಸಿಕ್ಕಿ, ಎದುರಿಗೆ ಗೋಲು ಖಾಲಿ ಇದ್ದರೆ? ಆಗ ಸೀಟಿ ಊದಿದರೆ ತಪ್ಪು ಮಾಡಿದವರಿಗೇ ಬಹುಮಾನ ಕೊಟ್ಟಂತೆ. ಅಂಪೈರ್ ಕೈ ಮೇಲೆತ್ತಿ ಲಾಭ ಪಡೆಯುವ ತಂಡದ ದಿಕ್ಕಿಗೆ ಚಾಚಿ, ಆಟ ಮುಂದುವರಿಯಲು ಬಿಡುತ್ತಾರೆ.

ಈಗ ಕಾಲಿನ ವಿಷಯ. ಚೆಂಡು ಕಾಲಿಗೆ ತಾಗಿದ್ದೆಲ್ಲ ಫೌಲ್ ಅಲ್ಲ. ಬೇಕೆಂದೇ ತಡೆದಿರಬೇಕು, ಅಥವಾ ಅದರಿಂದ ಆ ತಂಡಕ್ಕೆ ಲಾಭ ಆಗಿರಬೇಕು. ಬೇಕೂಂತ ಅಲ್ಲದಿದ್ದರೂ ಸರ್ಕಲ್ ಒಳಗೆ ಡಿಫೆಂಡರ್ ಕಾಲಿಗೆ ಬಡಿದು ದಾಳಿ ನಿಂತರೆ ಅದು ಪೆನಾಲ್ಟಿ ಕಾರ್ನರ್. ಗೋಲಾಗುವಂಥ ಚೆಂಡನ್ನು ಕಾಲು ತಡೆದಿದ್ದರೆ ಸ್ಟ್ರೋಕ್. ಇಲ್ಲಿ ಯಾರೂ ಡಿಫೆಂಡರ್‌ಳನ್ನು ಮೋಸಗಾತಿ ಎನ್ನುತ್ತಿಲ್ಲ. ಕಳೆದುಹೋದ ಅವಕಾಶವನ್ನು ಎದುರು ತಂಡಕ್ಕೆ ವಾಪಸು ಕೊಡುತ್ತಿದ್ದಾರೆ, ಅಷ್ಟೆ.

ದೊಡ್ಡ ಮೈದಾನದಲ್ಲೂ ಇದೇ ಕಥೆ

1975ರ ಮಾರ್ಚ್ 15, ಕ್ವಾಲಾಲಂಪುರ. ವಿಶ್ವಕಪ್ ಫೈನಲ್, ಭಾರತ ಮತ್ತು ಪಾಕಿಸ್ತಾನ 1-1. ನಮ್ಮ ಕೊಡಗಿನ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು. ಅಶೋಕ್ ಕುಮಾರ್ ಹೊಡೆದ ಚೆಂಡು ಗೋಲಿನ ಕಂಬದ ಮೂಲೆಗೆ ಬಡಿದು ಹೊರಗೆ ಚಿಮ್ಮಿತು. ಅಂಪೈರ್ ಗೋಲು ಎಂದರು. ಒಳಗೆ ಹೋಗಲೇ ಇಲ್ಲ ಎಂದು ಪಾಕಿಸ್ತಾನದ ಆಟಗಾರರು ಮುತ್ತಿಕೊಂಡರು. ಅಂಪೈರ್ ಕದಲಲಿಲ್ಲ. ಪುರುಷರ ಹಾಕಿಯಲ್ಲಿ ಭಾರತ ಗೆದ್ದ ಒಂದೇ ವಿಶ್ವಕಪ್ ಆ ಕ್ಷಣದ ಮೇಲೆ ನಿಂತಿದೆ. ನಮಗೆ ಅದು ದಿಟ್ಟ ತೀರ್ಪು, ಗಡಿಯಾಚೆಗೆ ಇವತ್ತಿಗೂ ನುಂಗಲಾರದ ತುತ್ತು.

ನಮ್ಮ ಗಂಟಲಿಗೆ ಸಿಕ್ಕಿಕೊಂಡ ತುತ್ತೂ ಇದೆ. 2022ರ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಗೇಮ್ಸ್, ಮಹಿಳೆಯರ ಸೆಮಿಫೈನಲ್. ಆಸ್ಟ್ರೇಲಿಯಾ ವಿರುದ್ಧ ಶೂಟ್‌ಔಟ್. ಮೊದಲ ಯತ್ನವನ್ನೇ ಸವಿತಾ ತಡೆದರು. ಅಷ್ಟರಲ್ಲಿ, ಗಡಿಯಾರ ಶುರುವಾಗಿರಲಿಲ್ಲ, ಮತ್ತೆ ಹೊಡೆಯಬೇಕು ಎಂದರು. ಎರಡನೇ ಸಲ ಗೋಲಾಯಿತು, ಭಾರತ ಸೋತಿತು. ಎಫ್‌ಐಎಚ್ ಕ್ಷಮೆ ಕೇಳಿತು. ಗಡಿಯಾರ ನೋಡುವುದು ಒಂದನೇ ಕ್ಲಾಸಿನ ಪಾಠ, ಆದರೆ ಅದೇ ಕೈಕೊಟ್ಟಿತು. ಮುಂದಿನ ಪಂದ್ಯದಲ್ಲಿ ನ್ಯೂಜಿಲೆಂಡ್ ಸೋಲಿಸಿ ಕಂಚು ತಂದ ನಮ್ಮ ಹುಡುಗಿಯರಿಗೆ ದೊಡ್ಡ ನಮಸ್ಕಾರ.

2024ರ ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್ ನಿಮಗೆ ನೆನಪಿರಬೇಕು. ಅಮಿತ್ ರೋಹಿದಾಸ್ ಸ್ಟಿಕ್ ಎದುರಾಳಿಯ ಮುಖಕ್ಕೆ ತಾಗಿತು, 17ನೇ ನಿಮಿಷದಲ್ಲೇ ಕೆಂಪು ಕಾರ್ಡು. ಉಳಿದ ಪಂದ್ಯವೆಲ್ಲ ಹತ್ತೇ ಜನ. ಬೇಕೂಂತ ಮಾಡಿದ್ದಲ್ಲ ಎಂದು ದೇಶವೇ ಕೂಗಿತು. ಬ್ರಿಟನ್ನನ್ನು ಶೂಟ್‌ಔಟ್‌ನಲ್ಲಿ 4-2ರಿಂದ ಸೋಲಿಸಿದೆವು ನಿಜ, ಆದರೆ ರೋಹಿದಾಸ್ ಸೆಮಿಫೈನಲ್ ಆಡುವಂತಿರಲಿಲ್ಲ.

ಕೊಡಗಿನ ಸೀಟಿ

ಆಟಗಾರರ ಹೆಸರು ಕೇಳಿದರೆ ನಾವು ಗಣೇಶ್, ಸೋಮಯ್ಯ, ಅರ್ಜುನ್ ಹಾಲಪ್ಪ, ಸುನಿಲ್ ಎಂದು ಪಟಪಟ ಹೇಳುತ್ತೇವೆ. ಅಂಪೈರ್‌ಗಳ ಹೆಸರು ಕೇಳಿದರೆ ತಡವರಿಸುತ್ತೇವೆ. ಆದರೆ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ಶುರು ಮಾಡಿದ ಪಾಂಡಂಡ ಕುಟ್ಟಪ್ಪ ಅವರೇ ಒಂದು ಕಾಲದಲ್ಲಿ ಸೀಟಿ ಹಿಡಿದವರು. ಸ್ಟೇಟ್ ಬ್ಯಾಂಕಿನಿಂದ ನಿವೃತ್ತರಾದವರು. ಕೊಡಗಿನಲ್ಲೇ ಹಾಕಿ ಸೊರಗುತ್ತಿದೆ ಎಂಬ ಸಂಕಟದಿಂದ 1997ರಲ್ಲಿ ಕರಡದಲ್ಲಿ ಪಂದ್ಯಾವಳಿ ಇಟ್ಟರು. ಬಂದದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬ ಆಡಿ ಗಿನ್ನೆಸ್ ದಾಖಲೆಯಾಯಿತು. ಒಂದೇ ತಂಡದಲ್ಲಿ ಅಜ್ಜ, ಸೊಸೆ, ಮೊಮ್ಮಗ. ಅಲ್ಲಿ ಅಂಪೈರ್ ಆಗುವವರ ಪಾಡು ಯೋಚಿಸಿ. ಅಜ್ಜನಿಗೆ ಹಸಿರು ಕಾರ್ಡು ತೋರಿಸಿ, ಸಂಜೆ ಅದೇ ಅಜ್ಜನ ಜತೆ ಊಟಕ್ಕೆ ಕೂರಬೇಕು!

ಕೊಡಗಿನವರೇ ಆದ ಪುಚ್ಚಿಮಂಡ ಅನುಪಮಾ 89 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಕೆಲಸ ಮಾಡಿದರು. 2005ರ ಜೂನಿಯರ್ ವಿಶ್ವಕಪ್, 2013ರ ಮಹಿಳಾ ಏಷ್ಯಾ ಕಪ್‌ಗಳಲ್ಲಿ ಸೀಟಿ ಊದಿದವರು. 2021ರ ಏಪ್ರಿಲ್‌ನಲ್ಲಿ ಕೋವಿಡ್ ಅವರನ್ನು ಬೆಂಗಳೂರಿನಲ್ಲಿ ಕರೆದುಕೊಂಡು ಹೋಯಿತು. ವಯಸ್ಸು ಬರೀ ನಲವತ್ತರ ಆಸುಪಾಸು. ಬೆಂಗಳೂರಿನವರೇ ಆದ ಆರ್.ವಿ. ರಘುಪ್ರಸಾದ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ವರೆಗೂ ಹೋದವರು. ಇವರೆಲ್ಲ ಎಲ್ಲೋ ಒಂದು ಸಣ್ಣ ಮೈದಾನದಲ್ಲಿ ಮೊದಲ ಸೀಟಿ ಊದಿದವರೇ. ಅವತ್ತು ಯಾರೋ ಅವರ ಮೇಲೂ ಮುನಿಸಿಕೊಂಡಿರಬೇಕು.

ಯೆರವಡಾದ ತಂದೆಗೆ

ಸರ್, ನೀವು ಬರೆದಂತೆಯೇ ನಡೆದಿದ್ದರೆ ನಿಮ್ಮ ಮಗಳ ತೀರ್ಪು ನೂರಕ್ಕೆ ನೂರು ಸರಿ. ಚೆಂಡು ಸರ್ಕಲ್ ಒಳಗೆ ಕಾಲಿಗೆ ಬಡಿದು ನಿಂತಿತು, ದಾಳಿ ಕೆಟ್ಟಿತು, ಅದು ಪೆನಾಲ್ಟಿ ಕಾರ್ನರ್. ಕೊನೆಯ ನಿಮಿಷ ಎಂಬ ಕಾರಣಕ್ಕೆ ಅವಳು ಸುಮ್ಮನಿದ್ದಿದ್ದರೆ ಎದುರು ತಂಡದ ಹನ್ನೊಂದು ಮಕ್ಕಳಿಗೆ ಅನ್ಯಾಯ ಆಗುತ್ತಿತ್ತು. ಅವರಲ್ಲಿ ಯಾರೂ ಅವಳ ಗೆಳತಿ ಅಲ್ಲದಿರಬಹುದು, ಅಷ್ಟೆ.

ಆದರೆ ಇದನ್ನು ಅವಳು ಗೆದ್ದ ವಾದ ಅಂತ ಹೇಳಬೇಡಿ. ಗೆಳತಿಗೂ ನಿಯಮ ಗೊತ್ತಿಲ್ಲದಿರಬಹುದು. ಇಬ್ಬರನ್ನೂ ಕೂರಿಸಿ ಮೇಲಿನ ಕಾಲಿನ ಪ್ಯಾರಾ ಓದಿಸಿ. ಆಮೇಲೆ ಸಾಧ್ಯವಾದರೆ ಮುಂದಿನ ಅಭ್ಯಾಸ ಪಂದ್ಯದಲ್ಲಿ ಎರಡನೇ ಸೀಟಿಯನ್ನು ಆ ಗೆಳತಿಯ ಕೈಗೇ ಕೊಡಿಸಿ. ಹೇಗೂ ಹಾಕಿಗೆ ಇಬ್ಬರು ಅಂಪೈರ್ ಬೇಕು. ಆಚೆ ಸೈಡ್‌ಲೈನಿನಲ್ಲಿ ನಿಂತು ಹತ್ತು ನಿಮಿಷ ಓಡಿದರೆ ಅವಳಿಗೇ ಅರ್ಥ ಆಗುತ್ತದೆ. ಮಣಿಕಟ್ಟು ವಾಸಿಯಾದ ಮೇಲೆ ಇಬ್ಬರೂ ಇನ್ನೂ ಒಳ್ಳೆಯ ಆಟಗಾರ್ತಿಯರು ಆಗುತ್ತಾರೆ. ಬಸ್ಸಿನಲ್ಲಿ ಪಕ್ಕದ ಸೀಟು ಭರ್ತಿಯಾಯಿತೇ ಎಂದು ನಮಗೊಂದು ಸಾಲು ಬರೆದು ತಿಳಿಸಿ.

ಉಳಿದ ಕೇಳುಗರೂ ಬರೆಯಿರಿ. ನಿಮ್ಮ ಊರಿನ ಮೈದಾನದಲ್ಲಿ ಸೀಟಿ ಹಿಡಿಯುತ್ತಿದ್ದವರು ಯಾರು? ಗೋಲು ಹೊಡೆದವರ ಕಥೆ ನಮ್ಮಲ್ಲಿ ಬೇಕಾದಷ್ಟಿದೆ, ಅವರದ್ದು ಇಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ಅಲ್ಲಿಯವರೆಗೆ ಕೇಳ್ತಾ ಇರಿ.